ಎದುರು ಪಾತ್ರ

ಭಾಷೆ ಕಲಿಸುವ ಉದ್ಯೋಗದಲ್ಲಿರುವವರಿಗೆ ಒಂದು ವಿಚಿತ್ರವಾದ ಅನುಭವ ಮತ್ತೆ ಮತ್ತೆ ಆಗುತ್ತಿರುತ್ತದೆ. ವ್ಯಾಕರಣ ಬಲ್ಲವನಿಗೆ ಮಾತು ಬರುವುದಿಲ್ಲ. ಮಾತು ಬಲ್ಲವನಿಗೆ ವ್ಯಾಕರಣದ ಗಂಧವೇ ಇರುವುದಿಲ್ಲ. ಪ್ರಥಮೆಯಿಂದ ಸಪ್ತಮಿಯವರೆಗೆ ವಿಭಕ್ತಿಗಳನ್ನು ಗಡಗಡನೆ ಒಪ್ಪಿಸಿ ನೂರಕ್ಕೆ ತೊಂಬತ್ತು ಅಂಕ ಗಿಟ್ಟಿಸಿದ ಹೊರನಾಡಿನ ವಿದ್ಯಾರ್ಥಿ, ಕಾಲೇಜಿನ ಗೇಟಿನಾಚೆ ಎಳನೀರಿನವನ ಮುಂದೆ ನಿಂತಾಗ ಬೆರಳು ತೋರಿಸಿ ಮೂಗನಾಗುತ್ತಾನೆ. ಮೂರನೆಯ ತರಗತಿಗೇ ಶಾಲೆಗೆ ಶರಣು ಹೊಡೆದ ಆ ಎಳನೀರಿನವನಾದರೋ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲಿಯೂ ಲೀಲಾಜಾಲವಾಗಿ ಚೌಕಾಸಿ ಮಾಡುತ್ತಾನೆ. ಅವನಿಗೆ ಪಾಠ ಹೇಳಿದವರು ಯಾರು? ಗಿರಾಕಿಗಳು. ಎದುರಿಗೆ ಒಬ್ಬ ಮನುಷ್ಯ ನಿಂತು ಏನನ್ನೋ ಕೇಳುತ್ತಿದ್ದ. ಇವನು ಏನನ್ನೋ ಹೇಳಲೇಬೇಕಾಗಿತ್ತು. ಆ ಕೇಳುವಿಕೆ ಹೇಳುವಿಕೆಗಳ ನಡುವೆ ಭಾಷೆ ತಾನಾಗಿ ಬಂದು ಕುಳಿತಿತು.

ಮಾತು ಹುಟ್ಟುವುದು ನಮ್ಮ ಬಾಯಿಯಲ್ಲಿ ಎಂದು ನಾವು ತಿಳಿದಿದ್ದೇವೆ. ನನಗೇನೋ ಅದು ಹುಟ್ಟುವುದು ಎದುರಿಗಿರುವವನ ಮುಖದಲ್ಲಿ ಎನ್ನಿಸುತ್ತದೆ. ಹಾಗೆನ್ನಿಸುವುದಕ್ಕೆ ಕಾರಣವಿದೆ.

ಮೂರು ವರ್ಷಗಳ ಹಿಂದೆ ಬೆಂಗಳೂರಿನ ಒಂದು ನರ್ಸಿಂಗ್ ಕಾಲೇಜಿನ ಪ್ರಿನ್ಸಿಪಾಲರು ನನಗೆ ಹೇಳಿಕಳುಹಿಸಿದರು. ಅವರ ವಿದ್ಯಾರ್ಥಿನಿಯರಿಗೆ ವಾರಕ್ಕೆರಡು ಸಂಜೆ ಕನ್ನಡ ಹೇಳಿಕೊಡಬೇಕಾಗಿತ್ತು. ತರಗತಿಯಲ್ಲಿ ಇಪ್ಪತ್ತಾರು ಜನ. ಹದಿನಾರು ಮಂದಿ ಕೇರಳದವರು, ಉಳಿದವರು ಅಸ್ಸಾಂ, ಮಣಿಪುರ, ಜಾರ್ಖಂಡ್, ಬಂಗಾಳದವರು. "ಪರೀಕ್ಷೆ ಇಲ್ಲ, ಅಂಕ ಇಲ್ಲ. ಇನ್ನು ಆರು ತಿಂಗಳಿಗೆ ಇವರು ವಾರ್ಡಿಗೆ ಹೋಗುತ್ತಾರೆ. ಅಲ್ಲಿ ಮಲಗಿರುವವರು ಮಾಗಡಿ, ಕನಕಪುರ, ಕೋಲಾರ, ಪಾವಗಡದ ಕಡೆಯವರು. ಅವರು ಹೇಳಿದ್ದು ಇವರಿಗೆ ತಿಳಿಯಬೇಕು, ಇವರು ಹೇಳಿದ್ದು ಅವರಿಗೆ ತಿಳಿಯಬೇಕು, ಅಷ್ಟೆ" ಎಂದರು ಪ್ರಿನ್ಸಿಪಾಲರು. ಪಂಪನಿಂದ ಕುವೆಂಪುವರೆಗೆ ಪಾಠ ಹೇಳುವುದು ಸುಲಭ. ಈ "ಅಷ್ಟೆ" ಎಂಬುದು ಎಷ್ಟು ದೊಡ್ಡದು ಎಂಬುದು ಮೊದಲನೆಯ ವಾರದಲ್ಲಿಯೇ ಗೊತ್ತಾಯಿತು.

ಮಲಯಾಳಂ ನಮ್ಮ ಕನ್ನಡಕ್ಕೆ ತೀರ ಹತ್ತಿರದ ನಂಟು. 'ಪಾಲು' ಹಾಲಾಗುತ್ತದೆ, 'ಪುಲಿ' ಹುಲಿಯಾಗುತ್ತದೆ ಎಂದು ಒಮ್ಮೆ ಹೇಳಿದರೆ ಸಾಕು, ಕೇರಳದ ಹುಡುಗಿ ಉಳಿದದ್ದನ್ನು ತಾನೇ ಮಾಡಿಕೊಳ್ಳುತ್ತಾಳೆ. 'ಅಲ್ಲ', 'ಇಲ್ಲ', 'ಬೇಡ' ಈ ಮೂರರ ಭೇದವನ್ನು ಅವಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವಳ ಭಾಷೆಯಲ್ಲಿಯೂ ಮೂರು ಬೇರೆ ಬೇರೆ. ಹಿಂದಿ ಆಡುವವಳಿಗೋ ಮೂರೂ ಒಂದೇ 'ನಹೀಂ'. ಆದರೆ ಮಲಯಾಳಂ ಕ್ರಿಯಾಪದಕ್ಕೆ ಲಿಂಗವಿಲ್ಲ, ವಚನವಿಲ್ಲ, ಪುರುಷವಿಲ್ಲ. ಬಂದವನು ಯಾರೇ ಆಗಲಿ, ಎಷ್ಟು ಜನವೇ ಆಗಲಿ, 'ವನ್ನು' ಎಂದರೆ ಮುಗಿಯಿತು. ಆದ್ದರಿಂದ ಕೇರಳದ ಹುಡುಗಿಯ ಕನ್ನಡದಲ್ಲಿ ಅಜ್ಜಿ 'ಬಂದ', ಡಾಕ್ಟರು 'ಹೋದಳು'. ಅಸ್ಸಾಮಿನ ಹುಡುಗಿಗೆ ನಮ್ಮ ತಕಾರಕ್ಕೂ ಟಕಾರಕ್ಕೂ ವ್ಯತ್ಯಾಸವೇ ಕೇಳಿಸದು. ಇವರೆಲ್ಲರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಒಂದೇ ಪುಸ್ತಕ ಓದಿಸಬಹುದು. ಓದುತ್ತಾರೆ. ಪುಸ್ತಕ ಮುಚ್ಚಿದ ಕೂಡಲೇ ಬಾಯಿಯೂ ಮುಚ್ಚುತ್ತದೆ.

ತರಗತಿ ನಡೆಯುತ್ತಿದ್ದುದು ಅವರ ಅಭ್ಯಾಸದ ಕೊಠಡಿಯಲ್ಲಿ. ಅಲ್ಲಿ ಮಂಚ, ಸಲೈನ್ ಕಂಬ, ಔಷಧದ ಟ್ರಾಲಿ ಎಲ್ಲವೂ ಉಂಟು. ಮಂಚದ ಮೇಲೆ ಆಳೆತ್ತರದ ಒಂದು ಬೊಂಬೆ. ಹುಡುಗಿಯರು ಅದಕ್ಕೆ ಸೂಜಿ ಚುಚ್ಚುವುದನ್ನು ಕಲಿಯುತ್ತಾರೆ, ಮಗ್ಗುಲು ಬದಲಾಯಿಸುತ್ತಾರೆ, ಮೈ ಒರೆಸುತ್ತಾರೆ. ಕೈ ತಪ್ಪಿದರೆ ನೋಯುವವರು ಯಾರೂ ಇಲ್ಲ. ಕೈಗೆ ಇಂಥ ಅಭ್ಯಾಸ ಇರುವುದಾದರೆ ನಾಲಿಗೆಗೆ ಏಕಿರಬಾರದು? ಬೊಂಬೆಗೆ ಒಂದೇ ಕೊರತೆ: ಅದು ಮಾತಾಡದು. ಅದನ್ನು ಮೂಲೆಗೆ ಸರಿಸಿ ಆ ಜಾಗದಲ್ಲಿ ಮಾತಾಡುವ ಒಂದು ಜೀವವನ್ನು ಮಲಗಿಸಬೇಕಾಗಿತ್ತು.

ಆ ಜೀವ ನನಗೆ ಸಿಕ್ಕಿದ್ದು ಕೊಠಡಿಯ ಬಾಗಿಲಲ್ಲಿಯೇ. ಸಂಜೆ ಕಸ ಗುಡಿಸುವುದಕ್ಕೆ ಬರುತ್ತಿದ್ದ ಆಯಾ, ಮಾಗಡಿ ಸೀಮೆಯ ಅರುವತ್ತರ ಹತ್ತಿರದ ಹೆಂಗಸು, ಪೊರಕೆ ಹಿಡಿದು ನಿಂತು ನಮ್ಮ ಪಾಠ ನೋಡುತ್ತಿದ್ದರು. ಎಲ್ಲರೂ ಅವರನ್ನು ಆಯಮ್ಮ ಎನ್ನುತ್ತಿದ್ದರು. "ಏನ್ ಮೇಷ್ಟ್ರೇ, ಜೀವ ಇರೋರ್ಗಿಂತ ಈ ಬೊಂಬೆಗೇ ಉಪಚಾರ ಜಾಸ್ತಿ ಆಯ್ತಲ್ಲ!" ಎಂದರು ಒಂದು ದಿನ. "ಹಾಗಾದರೆ ನೀವೇ ಬಂದು ಮಲಗಿಯಮ್ಮ, ನಿಮಗೂ ಉಪಚಾರ ಆಗಲಿ" ಎಂದೆ. ಒಂದೆರಡು ಸಲ "ಅಯ್ ಬಿಡಿ ಸಾಮಿ" ಎಂದು ನಾಚಿಕೊಂಡು, ಮೂರನೆಯ ಸಲಕ್ಕೆ ಸೆರಗು ಸರಿಮಾಡಿಕೊಂಡು ಮಂಚ ಹತ್ತಿದರು. ಪ್ರಿನ್ಸಿಪಾಲರು ಒಪ್ಪಿ ಆ ಎರಡು ಗಂಟೆಯನ್ನೂ ಅವರ ಕೆಲಸದ ಲೆಕ್ಕಕ್ಕೇ ಸೇರಿಸಿದರು. ಮಲಗಿದವರು ಆಮೇಲೆ ಎರಡು ವರ್ಷ ಏಳಲಿಲ್ಲವೆಂದೇ ಹೇಳಬೇಕು. ಅಂಥ ನಟಿಯನ್ನು ನಾನು ಕಲಾಕ್ಷೇತ್ರದಲ್ಲಿಯೂ ಅಪರೂಪವಾಗಿ ಕಂಡಿದ್ದೇನೆ.

ನಾನು ಆಯಮ್ಮನ ಕಿವಿಯಲ್ಲಿ ಒಂದು ಸಂದರ್ಭ ಹೇಳುತ್ತಿದ್ದೆ. ಹುಡುಗಿಯ ಕಿವಿಯಲ್ಲಿ ಇನ್ನೊಂದು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯಕೂಡದು. ಒಂದು ಸಂಜೆಯ ಸಂದರ್ಭ ಇದು: ಅಜ್ಜಿಗೆ ಇವತ್ತು ಆಪರೇಷನ್. ಹೊಟ್ಟೆ ಖಾಲಿ ಇದೆಯೇ ಎಂದು ನರ್ಸು ವಿಚಾರಿಸಿ ಬರೆದುಕೊಳ್ಳಬೇಕು. ಹುಡುಗಿ ಮಂಚದ ಬಳಿಗೆ ಹೋಗಿ ಅಚ್ಚುಕಟ್ಟಾಗಿ ಕೇಳಿದಳು.

"ಅಜ್ಜಿ, ಊಟ ಮಾಡಿದ್ರಾ?"

"ಇಲ್ಲ ಕಣವ್ವ."

"ಯಾವಾಗ ಮಾಡಿದ್ದು?"

"ರಾತ್ರಿ ಉಂಡಿದ್ದೇ ಕೊನೆ."

ವಾಕ್ಯ ಶುದ್ಧ, ಉಚ್ಚಾರಣೆ ಶುದ್ಧ. ಹುಡುಗಿ ಬರೆದುಕೊಂಡಳು, ಗೆಳತಿಯರು ಚಪ್ಪಾಳೆ ತಟ್ಟಿದರು. ಆಯಮ್ಮ ಎದ್ದು ಕುಳಿತು, "ಬೆಳಿಗ್ಗೆ ನಾಕು ಇಡ್ಲಿ ತಿಂದು ಕಾಪಿ ಕುಡ್ದಿವ್ನಿ. ಅದ್ನ ಯಾರೂ ಕೇಳ್ಲಿಲ್ಲ" ಎಂದರು.

ಕೊಠಡಿ ಸ್ತಬ್ಧವಾಯಿತು. ಆಯಮ್ಮ ಸುಳ್ಳು ಹೇಳಿರಲಿಲ್ಲ. ನಮ್ಮಲ್ಲಿ ಇಡ್ಲಿ ಊಟವಲ್ಲ, ಅದು ತಿಂಡಿ. ಕಾಫಿಯಂತೂ ಲೆಕ್ಕಕ್ಕೇ ಇಲ್ಲ. ಅನ್ನವೋ ಮುದ್ದೆಯೋ ಎಲೆಗೆ ಬಿದ್ದರೆ ಮಾತ್ರ ಊಟ. ಆದರೆ ಅರಿವಳಿಕೆ ಕೊಡುವ ವೈದ್ಯರಿಗೆ ಈ ಭೇದವಿಲ್ಲ. ಪ್ರಜ್ಞೆ ತಪ್ಪಿರುವಾಗ ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಹಾಲು ಹಾಕಿದ ಕಾಫಿ ಕುಡಿದರೂ ಆರು ಗಂಟೆ ಕಾಯಬೇಕೆಂಬುದು ಅವರ ನಿಯಮ. ನಿಘಂಟಿನಲ್ಲಿ ಊಟ ಎಂದರೆ ಭೋಜನ ಎಂದಿದೆ. ಆ ಅರ್ಥ ಸರಿಯೇ. ಮಂಚದ ಮೇಲೆ ಮಾತ್ರ ಆ ಅರ್ಥ ಸಾಲದು. ಆ ಸಂಜೆ ಹುಡುಗಿಯರು ತಾವೇ ಕೂಡಿ ಒಂದು ಹೊಸ ಪ್ರಶ್ನೆ ಕಟ್ಟಿದರು: "ಬಾಯಿಗೆ ಏನಾದ್ರೂ ಹಾಕ್ಕೊಂಡ್ರಾ? ತಿಂಡಿ, ಕಾಫಿ, ಟೀ, ಹಾಲು, ನೀರು?" ಯಾವ ಪಠ್ಯಪುಸ್ತಕದಲ್ಲಿಯೂ ನಾನು ಈ ವಾಕ್ಯವನ್ನು ಕಂಡಿಲ್ಲ.

ಇನ್ನೊಂದು ದಿನ ಆಯಮ್ಮ ಹೊಟ್ಟೆ ಹಿಡಿದುಕೊಂಡು, "ಸಂಕಟ ಆಯ್ತದೆ ಕಣವ್ವ" ಎಂದು ನರಳಿದರು. ಕೋಟ್ಟಯಂ ಕಡೆಯ ಹುಡುಗಿ ಓಡಿಹೋಗಿ ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದು, "ಅಳಬೇಡಿ ಅಜ್ಜಿ, ಮನೆಯವರು ಬರ್ತಾರೆ, ಎಲ್ಲಾ ಸರಿಹೋಗುತ್ತೆ" ಎಂದು ಸಮಾಧಾನ ಹೇಳತೊಡಗಿದಳು. ಅಜ್ಜಿಯ ನರಳಾಟ ಹೆಚ್ಚಾಯಿತು. ಇವಳ ಸಮಾಧಾನವೂ ಹೆಚ್ಚಾಯಿತು. ಕೊನೆಗೆ ಆಯಮ್ಮ, "ಅಳು ಯಾಕವ್ವ ನಂಗೆ? ವಾಂತಿ ಬರೋ ಹಂಗಾಯ್ತದೆ, ಬೇಸಿನ್ ತತ್ತಾ!" ಎಂದು ಕೂಗಿಕೊಂಡರು. ಮಲಯಾಳದಲ್ಲಿ 'ಸಂಕಟಂ' ಎಂದರೆ ದುಃಖ. ಒಂದೇ ಸಂಸ್ಕೃತ ಪದ ಅವರ ನಾಡಿನಲ್ಲಿ ಮನಸ್ಸಿಗೆ ಹತ್ತಿತು, ನಮ್ಮ ಹಳ್ಳಿಗಳಲ್ಲಿ ಹೊಟ್ಟೆಗೂ ಎದೆಗೂ ಇಳಿಯಿತು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ಹುಡುಗಿಯೂ ನಕ್ಕಳು. ವಾರ್ಡಿನಲ್ಲಿ ಯಾರೂ ನಗುತ್ತಿರಲಿಲ್ಲ.

ಈ ಬಗೆಯ ಪಾಠ ನನ್ನ ಆವಿಷ್ಕಾರವೇನೂ ಅಲ್ಲ. ಯೂರೋಪಿನ ಜೆಸೂಯಿಟ್ ಪಾದ್ರಿಗಳು ತಮ್ಮ ಶಾಲೆಗಳಲ್ಲಿ ಲ್ಯಾಟಿನ್ ಮಾತು ಕುದುರಲೆಂದು ಹುಡುಗರಿಂದ ನಾಟಕ ಆಡಿಸುತ್ತಿದ್ದರು. 1599ರಲ್ಲಿ ಹೊರಟ ಅವರ ವ್ಯಾಸಂಗ ನಿಯಮಾವಳಿಯಲ್ಲಿ ನಾಟಕ ಲ್ಯಾಟಿನ್ನಿನಲ್ಲಿಯೇ ಇರಬೇಕೆಂಬ ಕಟ್ಟಳೆ ಇದೆ. 1650ರ ದಶಕದಲ್ಲಿ ಕೊಮೇನಿಯಸ್ ಎಂಬ ಮಹನೀಯ, ಹಂಗೆರಿಯ ಒಂದು ಶಾಲೆಯಲ್ಲಿದ್ದಾಗ, ತಾನು ಬರೆದ ಲ್ಯಾಟಿನ್ ಪಠ್ಯಪುಸ್ತಕವನ್ನೇ ಎಂಟು ನಾಟಕಗಳಾಗಿ ಮಾರ್ಪಡಿಸಿ ಮಕ್ಕಳಿಂದ ಆಡಿಸಿದ. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಶಾಲಾ ಮಾಸ್ತರನಾಗಿದ್ದ ಕಾಲ್ಡ್‌ವೆಲ್ ಕುಕ್ 1917ರಲ್ಲಿ ಆಟದ ಮೂಲಕ ಪಾಠ ಎಂಬ ವಿಚಾರವನ್ನೇ ಒಂದು ಗ್ರಂಥವಾಗಿಸಿದ. 1978ರಲ್ಲಿ ಅಲನ್ ಮೇಲಿ ಮತ್ತು ಅಲನ್ ಡಫ್ ಎಂಬ ಇಬ್ಬರು, ಭಾಷೆ ಕಲಿಸುವವರಿಗೆಂದೇ ನಾಟಕದ ತಂತ್ರಗಳ ಪುಸ್ತಕ ಬರೆದರು. ನಮ್ಮ ಆಯಮ್ಮನಿಗೂ ಒಂದು ದೊಡ್ಡ ಪರಂಪರೆ ಉಂಟು: ಅಮೆರಿಕದಲ್ಲಿ ಹೊವರ್ಡ್ ಬ್ಯಾರೋಸ್ ಎಂಬ ನರರೋಗ ವೈದ್ಯ 1963ರಲ್ಲಿ ಒಬ್ಬಾಕೆಗೆ ರೋಗಿಯ ಪಾತ್ರವನ್ನು ಕಲಿಸಿ, ವೈದ್ಯ ವಿದ್ಯಾರ್ಥಿಗಳನ್ನು ಆಕೆಯ ಮುಂದೆ ನಿಲ್ಲಿಸಿ ಪರೀಕ್ಷಿಸಿದ. ಈಗ ಅನೇಕ ದೇಶಗಳ ವೈದ್ಯಕೀಯ ಕಾಲೇಜುಗಳಲ್ಲಿ ಇಂಥ ನಟ ರೋಗಿಗಳು ಇದ್ದಾರೆ. ಇದನ್ನು ಹೇಳಿದಾಗ ಆಯಮ್ಮ, "ಅವ್ರಿಗೆ ಸಂಬಳ ಎಷ್ಟು ಮೇಷ್ಟ್ರೇ?" ಎಂದು ಕೇಳಿದರು.

ನಾಟಕವೆಂದರೆ ಬಾಯಿಪಾಠವೆಂದು ಭಾವಿಸುವವರುಂಟು. ನರ್ಸುಗಳ ದಿನಾಚರಣೆ ಬರುವುದು ಮೇ 12ರಂದು, ಫ್ಲಾರೆನ್ಸ್ ನೈಟಿಂಗೇಲಳ ಹುಟ್ಟುಹಬ್ಬ. ಅಂದು ವೇಷಭೂಷಣ ತೊಡಿಸಿ ಒಂದು ಭಾರಿ ಐತಿಹಾಸಿಕ ನಾಟಕ ಮಾಡಿಸೋಣ ಎಂಬ ಸಲಹೆ ಬಂದಿತು. ಬೇಡವೆಂದೆ. ಕಿತ್ತೂರು ಚೆನ್ನಮ್ಮನ ಸಂಭಾಷಣೆಯನ್ನು ಉಸಿರು ಬಿಡದೆ ಒಪ್ಪಿಸುವ ಹುಡುಗಿಗೆ, ಮರುದಿನ ಬಸ್ಸಿನಲ್ಲಿ ಚಿಲ್ಲರೆ ಕೇಳಲು ಬಾರದು. ಅಲ್ಲಿ ಅವಳು ಆಡುತ್ತಿರುವುದು ಸಭೆಯ ಕಡೆಗೆ ನೋಡಿಕೊಂಡು; ಎದುರು ಪಾತ್ರ ಏನಂದರೂ ಅವಳ ಮುಂದಿನ ಮಾತು ಮೊದಲೇ ಸಿದ್ಧ. ನಮ್ಮ ಕೊಠಡಿಯಲ್ಲಿ ಸಭೆಯೂ ಇಲ್ಲ, ಸಿದ್ಧ ಮಾತೂ ಇಲ್ಲ. ಸಂದರ್ಭವಷ್ಟೇ ನನ್ನದು, ಮಾತು ಅವರದು. ಆಟದ ನಡುವೆ ಯಾರೂ ಬಾಯಿ ಹಾಕಿ ತಿದ್ದುವಂತಿಲ್ಲ. ಅಜ್ಜಿ 'ಬಂದ' ಎಂದರೂ ಆಟ ನಿಲ್ಲಕೂಡದು. ಮುಗಿದ ಮೇಲೆ ಕರಿಹಲಗೆಯ ಮೇಲೆ ಅಜ್ಜಿಯನ್ನು 'ಬಂದಳು' ಮಾಡಿ, ಗೌರವ ಬೇಕಾದರೆ 'ಬಂದರು' ಮಾಡಿ, ಮತ್ತೆ ಆಡಿಸಬೇಕು. ವ್ಯಾಕರಣ ಆಗ ಕಹಿಯೆನಿಸುವುದಿಲ್ಲ. ಏತಕ್ಕೆ ಬೇಕೆಂಬುದು ಗೊತ್ತಾಗಿರುತ್ತದೆ.

ಶುದ್ಧ ಉಚ್ಚಾರಣೆಯೇ ಮಾತಲ್ಲ ಎಂಬುದನ್ನು ಬರ್ನಾರ್ಡ್ ಷಾ ತನ್ನ 'ಪಿಗ್ಮೇಲಿಯನ್' ನಾಟಕದಲ್ಲಿ ಬಹು ಸ್ವಾರಸ್ಯವಾಗಿ ತೋರಿಸಿದ್ದಾನೆ. 1913ರಲ್ಲಿ ಮೊದಲು ರಂಗ ಕಂಡ ಆ ನಾಟಕದಲ್ಲಿ, ಹೂ ಮಾರುವ ಎಲೈಜಳಿಗೆ ಭಾಷಾಶಾಸ್ತ್ರಜ್ಞ ದೊಡ್ಡವರ ಉಚ್ಚಾರಣೆಯನ್ನು ಕಲಿಸುತ್ತಾನೆ. ಅವಳು ದೊಡ್ಡವರ ಮನೆಯ ಹರಟೆಗೆ ಹೋಗಿ, ಒಂದಕ್ಷರವೂ ತಪ್ಪದೆ, ಆಡಬಾರದ ವಿಷಯಗಳನ್ನೆಲ್ಲ ಆಡಿಬಿಡುತ್ತಾಳೆ. ಅವಳ ಅಭ್ಯಾಸವೆಲ್ಲ ಗುರುವಿನ ಮುಂದೆ ನಡೆದಿತ್ತು. ಆ ಮನೆಗೆ ಬರುವ ಅತಿಥಿಗಳ ಮುಂದೆ ನಡೆದಿರಲಿಲ್ಲ.

ನಮ್ಮ ಕಾಲೇಜಿನ ಮಿತ್ರರೊಬ್ಬರು ಇದನ್ನೆಲ್ಲ ಕೇಳಿ, "ಸ್ವಾಮಿ, ಎಲ್ಲಾ ಸರಿ. ನಾಚಿಕೆ ಸ್ವಭಾವದವರ ಗತಿ ಏನು? ತರಗತಿಯಲ್ಲಿ ಎದ್ದು ನಿಲ್ಲಲು ಹೆದರುವವಳನ್ನು ರಂಗಕ್ಕೆ ಎಳೆದರೆ ಅದು ಹಿಂಸೆಯಲ್ಲವೇ?" ಎಂದರು. ಆಕ್ಷೇಪಣೆ ಯೋಗ್ಯವಾದದ್ದು. ಮಣಿಪುರದ ಒಬ್ಬಳು ಹುಡುಗಿ ಮೊದಲ ತಿಂಗಳು ತುಟಿ ಬಿಚ್ಚಲಿಲ್ಲ. ಅವಳಿಗೆ ನರ್ಸಿನ ಪಾತ್ರ ಕೊಡಲಿಲ್ಲ. ಆಯಮ್ಮನ ಪಕ್ಕದ ಬೆಂಚಿನ ಮೇಲೆ ಇನ್ನೊಬ್ಬ ರೋಗಿಯಾಗಿ ಮಲಗಿಸಿ, "ನೀನು ಮಾತಾಡುವುದು ಬೇಡ, ಸುಮ್ಮನೆ ನರಳಿದರೆ ಸಾಕಮ್ಮ" ಎಂದೆ. ಅವಳು ನರಳಿದಳು. ಆಯಮ್ಮನಿಗೆ ಅದು ಹಿಡಿಸಲಿಲ್ಲ. "ಅದ್ಯಾವ ಊರಿನ ನರಳಾಟ ಮಗ? 'ಅಯ್ಯಯ್ಯಪ್ಪಾ, ಅಮ್ಮಾ' ಅನ್ನು" ಎಂದು ಪಾಠಕ್ಕೇ ತೊಡಗಿದರು. ನರಳುವುದಕ್ಕೂ ಭಾಷೆ ಉಂಟೆಂದು ನನಗೆ ಅಂದು ಮನದಟ್ಟಾಯಿತು. ಎರಡು ವಾರ ಆ ಹುಡುಗಿ ಕನ್ನಡದಲ್ಲಿ ನರಳಿದಳು. ಮೂರನೆಯ ವಾರ, ಎಲ್ಲಿ ನೋವು ಎಂದು ಕೇಳಿದ್ದಕ್ಕೆ, "ಇಲ್ಲಿ" ಎಂದಳು. ಆಮೇಲೆ "ಉರಿ" ಎಂದಳು. ತಾನಾಗಿ ಮಾತಾಡಲು ಹೆದರುವವಳಿಗೆ, ಪಾವಗಡದ ಅಜ್ಜಿಯಾಗಿ ಮಾತಾಡಲು ಹೆದರಿಕೆಯಿಲ್ಲ. ತಪ್ಪಿದರೆ ತಪ್ಪಿದವಳು ಅಜ್ಜಿ, ಅವಳಲ್ಲ.

ನಾನು ಕಂಡುಕೊಂಡ ಮುಖ್ಯವಾದ ವಿಷಯ ಇದೇ. ನರ್ಸಾಗಿ ಆಡಿದವರಿಗಿಂತ ರೋಗಿಯಾಗಿ ಆಡಿದವರು ಹೆಚ್ಚು ಕಲಿತರು. ನರ್ಸಿನ ಪ್ರಶ್ನೆಗಳು ಹತ್ತು ಹನ್ನೆರಡು, ಕಲಿತರೆ ಮುಗಿಯಿತು. ರೋಗಿಯ ಮಾತಿಗೆ ಕೊನೆಯಿಲ್ಲ. ಉರಿ ಬೇರೆ, ಸೆಳೆತ ಬೇರೆ. ಚಳುಕು ಬೇರೆ, ಜೋಮು ಬೇರೆ. ಹೊಟ್ಟೆ ನುಲಿಯುವುದು, ತೊಳಸುವುದು, ಉಬ್ಬರಿಸುವುದು ಮೂರೂ ಬೇರೆ. ಗದಗಿನ ಕಡೆಯಿಂದ ಬಂದವರು 'ತ್ರಾಸ ಆಗೇತ್ರಿ' ಎನ್ನುತ್ತಾರೆ. ಇವನ್ನು ಪಟ್ಟಿ ಮಾಡಿ ಕೊಟ್ಟರೆ ಮರೆತುಹೋಗುತ್ತದೆ. ತಾನೇ ಮಂಚದ ಮೇಲೆ ಮಲಗಿ, ಕಣ್ಣು ಕಿವುಚಿ, ಬೆರಳಿನಿಂದ ತೋರಿಸಿ, ಎದುರಿನವಳಿಗೆ ತಿಳಿಯದಿದ್ದಾಗ ರೇಗಿ, ಮತ್ತೆ ಬೇರೆ ಮಾತಿನಲ್ಲಿ ಹೇಳಿದರೆ, ಆ ಪದ ಮೈಯಲ್ಲಿ ಉಳಿಯುತ್ತದೆ. ಅದಕ್ಕೂ ಮಿಗಿಲಾಗಿ, ತನ್ನ ನೋವು ಇನ್ನೊಬ್ಬರಿಗೆ ಅರ್ಥವಾಗದೆ ಹೋದಾಗ ಮನುಷ್ಯ ಎಷ್ಟು ಒಂಟಿಯಾಗುತ್ತಾನೆಂಬುದು ತಿಳಿಯುತ್ತದೆ. ಊರು ಬಿಟ್ಟು ಬಂದ ಆ ಹುಡುಗಿಯರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಂಸ್ಕೃತ ನಾಟಕಗಳಲ್ಲಿ ಒಂದು ಸೋಜಿಗವುಂಟು. ದುಷ್ಯಂತ ಸಂಸ್ಕೃತದಲ್ಲಿ ಮಾತಾಡುತ್ತಾನೆ, ಶಕುಂತಲೆ ಪ್ರಾಕೃತದಲ್ಲಿ ಉತ್ತರ ಹೇಳುತ್ತಾಳೆ, ಯಾರಿಗೂ ತೊಡಕಿಲ್ಲ. ಬೆಂಗಳೂರಿನ ಆಸ್ಪತ್ರೆ ಕೂಡ ಅಂಥದೊಂದು ರಂಗ. ವೈದ್ಯರದು ಇಂಗ್ಲಿಷ್, ನರ್ಸಿನದು ಮಲಯಾಳಂ, ರೋಗಿಯದು ಕನ್ನಡವೋ ತೆಲುಗೋ. ಆದರೆ ಇಲ್ಲಿ ಕಾಳಿದಾಸನ ಅಭಯಹಸ್ತವಿಲ್ಲ. ಅರ್ಥವಾಗದಿದ್ದರೆ ಅರ್ಥವಾಗದ ಹಾಗೆಯೇ ಉಳಿಯುತ್ತದೆ.

ಕಳೆದ ವರ್ಷ ಆ ಮಣಿಪುರದ ಹುಡುಗಿ ವಾರ್ಡಿನ ಕೆಲಸಕ್ಕೆ ಹೋದಳು. ಒಂದು ಸಂಜೆ ನನ್ನನ್ನು ಕಂಡು, "ಸರ್, ಇವತ್ತು ನಂಗೆ ಬೈದ್ರು" ಎಂದಳು. ಮುಖದ ತುಂಬ ನಗು. ಹರ್ನಿಯಾ ಆಪರೇಷನ್ನಿಗೆಂದು ಬಂದಿದ್ದ ಮುದುಕರನ್ನು ಬೆಳಿಗ್ಗೆ ಕೇಳಿದ್ದಾಳೆ, "ತಾತ, ಊಟ ಮಾಡಿದ್ರಾ?" ಇಲ್ಲವೆಂದಿದ್ದಾರೆ. "ಬಾಯಿಗೆ ಏನಾದ್ರೂ ಹಾಕ್ಕೊಂಡ್ರಾ? ತಿಂಡಿ, ಕಾಫಿ?" ಎಂದಿದ್ದಾಳೆ. "ಮಗ ಕಾಪಿ ತಂದ್ಕೊಟ್ಟ, ಕುಡ್ದೆ. ಕಾಪಿ ಏನ್ ಊಟವಾ?" ಎಂದಿದ್ದಾರೆ ಮುದುಕರು. ಇವಳು ಹಿರಿಯ ನರ್ಸಿಗೆ ತಿಳಿಸಿದಳು. ಆಪರೇಷನ್ ಮಧ್ಯಾಹ್ನಕ್ಕೆ ಮುಂದೆ ಹೋಯಿತು. ಅಲ್ಲಿಯವರೆಗೆ ಹಸಿದು ಕೂರಬೇಕಾದ ತಾತ, ತನ್ನ ಗುಟ್ಟು ಹೊರಗೆ ಹಾಕಿದ ಈ ಹುಡುಗಿಯನ್ನು ಮನಸಾರ ಬೈದರು. "ಎಲ್ಲಾ ಅರ್ಥ ಆಯ್ತು ಸರ್" ಎಂದಳು, ಬಹುಮಾನ ಬಂದವಳ ಹಾಗೆ. "ನೀನೇನು ಹೇಳಿದೆ?" ಎಂದೆ. "'ಬೈಯಿರಿ ತಾತ, ನೀರು ಮಾತ್ರ ಕೇಳಬೇಡಿ' ಅಂದೆ. ನಕ್ಕುಬಿಟ್ರು." ಶಬ್ದಾರ್ಥದಿಂದ ಇಷ್ಟು ದೂರ ಬಂದಿದ್ದಳು, ಹಾಸ್ಯದವರೆಗೆ. ಒಂದು ಭಾಷೆಯಲ್ಲಿ ಬೈಸಿಕೊಂಡು, ಬೈದವರನ್ನು ಅದೇ ಭಾಷೆಯಲ್ಲಿ ನಗಿಸಬಲ್ಲವರಿಗೆ ನಾನು ಇನ್ನೇನು ಪಾಠ ಹೇಳಲಿ?

ಇದೆಲ್ಲ ನಾಲ್ಕು ಗೋಡೆಯ ಒಳಗಿನ ಮಾತಾಯಿತು. ಗೋಡೆಯ ಹೊರಗೆ ಎದುರು ಪಾತ್ರ ವಹಿಸಬೇಕಾದವರು ವಾಚಕರೇ, ನೀವು, ನಾನು. ನಮ್ಮ ಊರಿನಲ್ಲಿ ಹೊರಗಿನವರೊಬ್ಬರು ಅಂಗಡಿಯಲ್ಲೋ ಬ್ಯಾಂಕಿನಲ್ಲೋ ತಡವರಿಸಿಕೊಂಡು, "ನನಗೆ... ಬೇಕು..." ಎಂದು ಕನ್ನಡದಲ್ಲಿ ಆರಂಭಿಸುತ್ತಾರೆ. ಎರಡನೆಯ ಪದ ಹೊರಡುವುದರೊಳಗೆ ನಾವು, ಬಹಳ ಉಪಕಾರ ಮಾಡುವವರ ಹಾಗೆ, ಇಂಗ್ಲಿಷಿಗೋ ಹಿಂದಿಗೋ ಹಾರುತ್ತೇವೆ. ಇಲ್ಲವೇ ಅವರ 'ಬಂದ', 'ಹೋದಳು' ಕೇಳಿ ನಕ್ಕುಬಿಡುತ್ತೇವೆ. ಆಮೇಲೆ ಮನೆಗೆ ಬಂದು, ಈ ಊರಿಗೆ ಬಂದವರು ಕನ್ನಡ ಕಲಿಯುವುದೇ ಇಲ್ಲವೆಂದು ವ್ಯಥೆಪಡುತ್ತೇವೆ. ಕಲಿಯದೆ ಉಳಿಯುವವರು ಇಲ್ಲವೆಂದಲ್ಲ. ಬಹಳ ಜನ ಇದ್ದಾರೆ. ಆದರೆ ರಂಗಕ್ಕೆ ಬಂದವರ ಎದುರಿನಿಂದ ನಾವೇ ನಿಷ್ಕ್ರಮಿಸಿದರೆ ಅವರು ಯಾರ ಜೊತೆ ಆಡಬೇಕು?

ಆಯಮ್ಮ ಓದು ಬರಹ ಬಲ್ಲವರಲ್ಲ. ಅವರು ಕಳೆದ ಜೂನಿನಲ್ಲಿ ಕೆಲಸ ಬಿಟ್ಟು ಮಾಗಡಿಗೆ ಮಗಳ ಮನೆಗೆ ಹೋದರು. ಅವರ ಮಂಚದಲ್ಲಿ ಈಗ ಹಳೆಯ ವಿದ್ಯಾರ್ಥಿನಿಯರು ಸರದಿಯ ಮೇಲೆ ಬಂದು ಮಲಗುತ್ತಾರೆ. ಅವರಲ್ಲಿದ್ದ ಒಂದು ಗುಣವನ್ನು ನಾನು ಈ ಹುಡುಗಿಯರಿಗೆ ಮೊದಲು ಹೇಳುತ್ತೇನೆ: ಎದುರಿನವಳು ಮಾತು ಹುಡುಕುತ್ತಿರುವಾಗ ಆಯಮ್ಮ ಕಾಯುತ್ತಿದ್ದರು. ಮುಖದಲ್ಲಿ ಬೇಸರವಿಲ್ಲ, ಬಾಯಿಯಲ್ಲಿ ನೆರವಿಲ್ಲ. ಮಾತು ಬಂದೇ ಬರುತ್ತದೆಂಬ ನಂಬಿಕೆ. ನಾನು ಗಡಿಯಾರ ಹಿಡಿದು ನೋಡಿದ್ದೇನೆ. ಅದಕ್ಕೆ ಬೇಕಾದದ್ದು ಅರ್ಧ ನಿಮಿಷಕ್ಕಿಂತ ಹೆಚ್ಚಲ್ಲ.